ಕಾಸ್ಟಿಕ್ ತೊಟ್ಟಿಗೆ ಎಳೆದ ವಿಭೂತಿ

ಜಯನಗರದ ಬಾಡಿಗೆ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಸೋಪಿನ ಕಾರ್ಖಾನೆಯಲ್ಲಿ ನಮ್ಮ ಯಜಮಾನರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಗೇಟಿನ ಮುಂದೆ ಸೈಕಲ್ ಇಳಿದರು. ಏನು ಸುದ್ದಿ ತಂದರೋ ಎಂದುಕೊಂಡೆ.

ಎಣ್ಣೆಗೆ ಬೆರೆಸಿ ಸೋಪು ಬೇಯಿಸುವ ಕಾಸ್ಟಿಕ್ ಸೋಡಾ ನೀರನ್ನು ತುಕ್ಕು ಹಿಡಿದ ಡ್ರಮ್ಮುಗಳಲ್ಲಿ ತುಂಬಿಟ್ಟಿದ್ದರಂತೆ. ಕಬ್ಬಿಣ ಅದರೊಳಗೆ ಸೇರಿ ಬಿಳಿ ಸೋಪು ಕಂದು ಬಣ್ಣಕ್ಕೆ ತಿರುಗಿತ್ತು. ಉಳಿದದ್ದನ್ನೆಲ್ಲ ಚೆಲ್ಲಿಬಿಡಿ ಎಂದರು ಧಣಿಗಳು. ಚೆಲ್ಲಬೇಡಿ, ತಿಳಿ ಮಾಡಿಕೊಡುತ್ತೇನೆ ಎಂದು ನಮ್ಮವರು ಒಪ್ಪಿಕೊಂಡು ಬಂದಿದ್ದರು. ಆಗದಿದ್ದರೆ, ಇನ್ನೂ ಕಾಯಂ ಆಗದ ಅವರ ಕೆಲಸ ಹೋದ ಹಾಗೆಯೇ.

ಡ್ರಮ್ಮಿನ ನೀರನ್ನು ಒಂದು ತೊಟ್ಟಿಗೆ ಸುರಿಸಿ, ಹೊಟ್ಟೆ ಕಟ್ಟಿದಾಗ ಕುಡಿಸುವ ಭೇದಿ ಉಪ್ಪನ್ನು ಕರಗಿಸಿ ಅದಕ್ಕೆ ಹಾಕಿಸಿದ್ದರು. ಅದು ಬಿಳಿ ಗಸಿಯಾಗಿ, ಕಬ್ಬಿಣವನ್ನೂ ಹಿಡಿದುಕೊಂಡು ತಳಕ್ಕೆ ಇಳಿಯುತ್ತದಂತೆ. ಇಳಿಯುವವರೆಗೆ ಯಾರೂ ಕಲಕಬಾರದು. ನಮ್ಮ ಯಜಮಾನರ ಮನೆತನದಲ್ಲಿ ಹಿಂದಿನಿಂದಲೂ ವಿಭೂತಿ ಮಾಡುತ್ತಿದ್ದರು. ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಅಲುಗಾಡಿಸದೆ ಬಿಟ್ಟು, ಮೇಲಿನ ನೀರನ್ನು ಬಸಿಯುತ್ತಿದ್ದರು. ಅಲ್ಲಿ ತಳದ್ದು ಬೇಕು, ಇಲ್ಲಿ ಮೇಲಿನದು ಬೇಕು. ಕಾಯುವುದು ಮಾತ್ರ ಒಂದೇ. ಆ ತಾಳ್ಮೆ ಅವರಿಗೆ ಅಲ್ಲಿಂದಲೇ ಬಂದದ್ದು.

"ಅಕ್ಕಾ, ಗಾಬರಿ ಬೀಳ್ಬೇಡಿ. ಸೋಪು ಹಾಲಿನಂಗೆ ಬಂದೈತೆ!" ಎಂದರು ಬಂದವರು.

ಮೊರ ಪಕ್ಕಕ್ಕಿಟ್ಟು ಎದ್ದೆ.

"ನಾವೆಲ್ಲ ನಗಾಡಿದ್ವಿ ಅಕ್ಕಾ. ಏನ್ ಸ್ವಾಮಿ, ಕಾಸ್ಟಿಕ್ಕಿಗೂ ಹೊಟ್ಟೆ ಕಟ್ಟೈತಾ ಅಂತ. ಅವ್ರು ಹೊರಗಡೆಯಿಂದ ತೊಟ್ಟಿ ಗೋಡೆಗೆ ಮೂರು ಪಟ್ಟೆ ವಿಭೂತಿ ಎಳೆದು ಕೈ ಮುಗಿದ್ರು. ಆಮೇಲೆ ಯಾವನು ಕೋಲು ಹಾಕ್ತಾನೆ ಹೇಳಿ? ಆಯ್ತೋ ಇಲ್ವೋ ನೋಡ್ತೀನಿ ಅಂತ ಧಣಿಗಳೇ ಕೋಲು ಹಿಡ್ಕೊಂಡು ಬಂದ್ರು. ಪಟ್ಟೆ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದು, ಹಂಗೇ ಹಿಂದೆ ಹೋದ್ರು!"

ನಕ್ಕುಬಿಟ್ಟೆ. ಬೀಗ ಹಾಕಿದ್ದರೂ ಅಂಥ ಕಾವಲು ಆಗುತ್ತಿರಲಿಲ್ಲ.

"ಮತ್ತೆ ಕೆಲಸ?"

"ಧಣಿಗಳೇ ಕಾಯಂ ಅಂತ ಬಾಯಿಬಿಟ್ಟು ಹೇಳಿದ್ರಕ್ಕಾ."

"ಅವರೆಲ್ಲಿ?"

"ಡ್ರಮ್ಮು ತೊಳೆಸ್ತವ್ರೆ. ಊಟಕ್ಕೆ ತಡ ಆಯ್ತದಂತೆ. ಅಂಗಿ ಮೇಲೆ ಕಾಸ್ಟಿಕ್ಕು ಸಿಡಿದು ತೂತು ಬಿದ್ದೈತೆ, ಬೈಬೇಡಿ."

ತೂತು ಅಂಗಿಗೆ ಬಿತ್ತು, ಮೈಗೆ ಬೀಳಲಿಲ್ಲ. ಅದೂ ಶಿವನ ದಯೆಯೇ. ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸಿ, ದೇವರ ಮುಂದೆ ಒಂದು ಗಳಿಗೆ ನಿಂತೆ. ಆಮೇಲೆ ಅಕ್ಕಿ ತೊಳೆದು ಎಸರಿಟ್ಟೆ.