ಬಾಗಿಲಿನ ಪಾಲಿಶ್ ಕಂಡ ರೈಫಲ್

ಗೆಳೆಯರೇ, ಇವತ್ತು ಬೆಳಿಗ್ಗೆ ಯಾದವಗಿರಿಯ ನಮ್ಮ ಸೋದರಮಾವನ ರೈಫಲ್ ಕೊಳ್ಳಲು ಒಬ್ಬರು ಬಂದಿದ್ದರು. ಸೈನ್ಯ ಬಳಸಿ ಬಿಟ್ಟ ಹಳೆಯ ರೈಫಲ್‌ಗಳಿಗೆ ಸಂಗ್ರಹ ಮಾಡುವವರು ಕೊಡುವ ಬೆಲೆ ಚಿನ್ನದ ಹಾಗೆ ಏರುತ್ತಿದೆಯಂತೆ. ಮಾವನದೂ ಅಂಥದ್ದೇ, ಲೈಸೆನ್ಸ್ ಇರುವುದು. ಆಯುಧಪೂಜೆ ಬಂದರೆ ಅದಕ್ಕೆ ಕುಂಕುಮ, ಸೇವಂತಿಗೆ. ಚುನಾವಣೆ ಬಂದರೆ ಪೊಲೀಸ್ ಠಾಣೆಯ ವಾಸ. ಮಾರಿದರೆ ಅತ್ತೆಯ ಮಂಡಿ ಆಪರೇಷನ್ ಆಗುತ್ತದೆಂದು ಮಾವ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಬಂದವರು ಭೂತಗನ್ನಡಿ ಹಿಡಿದು ಮರದ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲಿ ಮಿಲಿಟರಿ ಮುದ್ರೆ ಇರ್ಬೇಕಿತ್ತಲ್ಲ ಸಾರ್?"

"ಇತ್ತು ಕಣ್ರೀ," ಎಂದರು ಮಾವ ಹೆಮ್ಮೆಯಿಂದ. "ಗೀರು, ಕೊಳೆ ಎಲ್ಲಾ ಇತ್ತು. ನೀವು ಬರ್ತೀರಲ್ಲ ಅಂತ, ಬಾಗಿಲಿಗೆ ಪಾಲಿಶ್ ಹಾಕಕ್ಕೆ ಬಂದಿದ್ದೋರ ಕೈಲೇ ಇದನ್ನೂ ಚೆನ್ನಾಗಿ ಉಜ್ಜಿಸಿ, ಅದೇ ಪಾಲಿಶ್ ಹಾಕಿಸ್ಬುಟ್ಟೆ."

ಅವರು ಭೂತಗನ್ನಡಿಯನ್ನು ಜೇಬಿಗೆ ಸೇರಿಸಿದರು. "ಸಾರ್, ಬೆಲೆ ಇದ್ದಿದ್ದೇ ಆ ಮುದ್ರೆಗೆ, ಆ ಗೀರುಗಳಿಗೆ. ಇದು ನಂಗೆ ಬೇಡ, ತಪ್ಪು ತಿಳ್ಕೋಬೇಡಿ."

ಅವರು ಹೋದ ಮೇಲೆ ಮಾವನ ಮುಖ ನೋಡಲಾಗಲಿಲ್ಲ. ಅತ್ತೆ ಮಂಡಿ ಹಿಡಿದುಕೊಂಡೇ ಎದ್ದು ಬಂದು ಪಕ್ಕದಲ್ಲಿ ಕೂತರು.

"ಹೋಗ್ಲಿ ಬುಡಿ. ನೀವು ನನ್ನ ನೋಡಕ್ಕೆ ಬಂದಾಗ ನಮ್ಮಮ್ಮನೂ ನನ್ನ ಮುಖಕ್ಕೆ ಹಿಂಗೇ ಪೌಡರ್ ಬಳಿದಿದ್ರು. ನೀವೇನು ಎದ್ದು ಹೋದ್ರಾ?"

ಮಾವ ನಕ್ಕೇಬಿಟ್ಟರು. ರೈಫಲ್ ಮತ್ತೆ ಬೀರು ಸೇರಿತು. ಮುಂಬಾಗಿಲಿಗೆ ಮಾತ್ರ ಏನು ಮ್ಯಾಚಿಂಗ್ ಅಂತೀರಿ!