ದಕ್ಷಿಣದಿಂದ ಉತ್ತರಕ್ಕೆ ಹದಿನೈದು ಹೆಸರು

ಅವರ ಎಡಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ತುದಿ ನುಣ್ಣಗೆ, ಉಗುರಿಲ್ಲದೆ, ಸವೆದ ಸೀಮೆಸುಣ್ಣದ ತುಂಡಿನ ಹಾಗಿತ್ತು. ಬಲಗೈಯ ಐದೂ ಬೆರಳು ನೆಟ್ಟಗಿದ್ದರೂ ನಕ್ಷೆಯ ಮೇಲೆ ಏನಾದರೂ ತೋರಿಸಬೇಕಾದರೆ ಅವರಿಗೆ ಆ ಮೋಟು ಬೆರಳೇ ಬೇಕು. ಊಟದ ಕೋಣೆಯ ಗೋಡೆಯಲ್ಲಿ, ಬೇರೆಯವರಾದರೆ ಮೊಮ್ಮಕ್ಕಳ ಫೋಟೋ ಹಾಕುವ ಜಾಗದಲ್ಲಿ, ಆಳೆತ್ತರದ ನಾರ್ವೆ ದೇಶ ತೂಗುತ್ತಿತ್ತು.

ನಾವೆಲ್ಲ ಅವರನ್ನು ಅಂಕಲ್ ಅನ್ನುತ್ತಿದ್ದೆವು. ಧಾರವಾಡದವರು. ಪ್ರಾಯದಲ್ಲಿ ನಾರ್ವೆಯ ಸಮುದ್ರದಲ್ಲಿ ಎಣ್ಣೆ ಹುಡುಕುವ ಸರ್ವೆ ಹಡಗುಗಳ ಮೇಲೆ ದುಡಿದು, ಆಮೇಲೆ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನ ಎಣ್ಣೆ ಕಂಪನಿಯಲ್ಲಿ ನಿವೃತ್ತಿಯವರೆಗೆ ಆಫೀಸು ಕೆಲಸ ಮಾಡಿ, ಕೊನೆಗೆ ಮಗಳ ಮನೆಗೆ ಹತ್ತಿರವೆಂದು ಟೆಕ್ಸಸ್ಸಿನಲ್ಲೇ ಇರುವ ರಿಚರ್ಡ್‌ಸನ್ನಿಗೆ ಬಂದಿದ್ದರು. ನಾನು ಮೈಸೂರಿನ ಮುಸ್ಲಿಂ ಮನೆಯ ಹುಡುಗಿ, ರಿಚರ್ಡ್‌ಸನ್ನಿಗೆ ಹತ್ತಿರದ ಯೂನಿವರ್ಸಿಟಿಯಲ್ಲಿ ಕಂಪ್ಯೂಟರಿನಿಂದ ನಕ್ಷೆ ಮಾಡುವುದನ್ನು ಕಲಿಯುತ್ತಿದ್ದವಳು. ಶನಿವಾರ ಮಧ್ಯಾಹ್ನ ಟ್ರೈನ್ ಇಳಿದರೆ ಸ್ಟೇಷನ್ನಿನ ಹೊರಗೆ ಅವರ ಹಳೇ ಕಾರು ನಿಂತಿರುತ್ತಿತ್ತು. ಆಂಟಿಯ ಜೋಳದ ರೊಟ್ಟಿಗೆ ಹೋಗುತ್ತೇನೆ ಎಂದು ರೂಮಿನಲ್ಲಿ ಹೇಳಿ ಹೊರಡುತ್ತಿದ್ದೆ. ನಿಜ ಹೇಳಬೇಕೆಂದರೆ ಹೋಗುತ್ತಿದ್ದದ್ದು ಆ ಗೋಡೆಗಾಗಿ.

"ದೇಶ ಸೌಟ ಇದ್ದಂಗ ಐತಿ ನೋಡು ತಂಗಿ" ಎಂದರು ಮೊದಲ ದಿನವೇ. "ಕೆಳಗ ಬಟ್ಟಲ, ಮ್ಯಾಲೆ ಉದ್ದಕ ಹಿಡಿಕಿ. ಹಿಡಿಕಿ ತುದಿ ಸ್ವೀಡನ್ ಮ್ಯಾಲೆ, ಫಿನ್‌ಲ್ಯಾಂಡ್ ಮ್ಯಾಲೆ ಬಾಗಿ ರಷ್ಯಾ ತನಕ ಹೋಗೇತಿ." ಅಷ್ಟು ಹೇಳಿ ಆಂಟಿಯ ಹೊಲಿಗೆ ದಾರದ ಉಂಡೆಯನ್ನು ನನ್ನ ಕೈಗಿಟ್ಟರು. ಈ ದೇಶದ ಕರಾವಳಿ ಎಷ್ಟು ಉದ್ದ, ಅಳತೆ ಮಾಡು ಅಂದರು. ನಾನು ಜಾಣೆಯ ಹಾಗೆ ಮೇಲಿನಿಂದ ಕೆಳಗೆ ನೆಟ್ಟಗೆ ದಾರ ಹಿಡಿದೆ. ಅವರು ನಕ್ಕು ಗುಂಡುಪಿನ್ನಿನ ಡಬ್ಬಿ ತಂದರು.

ಅಲ್ಲಿ ಸಮುದ್ರ ಬೆಟ್ಟಗಳ ಸಂದಿಯಲ್ಲಿ ಮೈಲಿಗಟ್ಟಲೆ ಒಳಗೆ ನುಗ್ಗಿದೆ. ಅದಕ್ಕೆ ಫ್ಯೋರ್ಡ್ ಅನ್ನುತ್ತಾರೆ. ಒಂದೊಂದು ಫ್ಯೋರ್ಡಿನ ಒಳಗೂ ದಾರ ಹಾಯಿಸಿ, ಪಿನ್ನು ಚುಚ್ಚಿ, ಹೊರಗೆ ತಂದು, ಮತ್ತೆ ಒಳಗೆ. ಹೊತ್ತು ಮುಳುಗುವಷ್ಟರಲ್ಲಿ ಮುಗಿಯಿತು. ಪಿನ್ನು ಕಿತ್ತು ದಾರ ಎಳೆದಾಗ ಅದು ಊಟದ ಕೋಣೆ ದಾಟಿತು, ಹಾಲ್ ದಾಟಿತು, ಮುಂಬಾಗಿಲಿನಿಂದಾಚೆ ಬಂತು. ನಾನು ತುದಿ ಹಿಡಿದುಕೊಂಡು ಮನೆಯ ಹೊರಗೆ, ಗುಡ್ಡದ ಸುಳಿವೇ ಇಲ್ಲದ ಟೆಕ್ಸಸ್ಸಿನ ಬಟ್ಟಬಯಲಲ್ಲಿ ನಿಂತಿದ್ದೆ. ಒಂದು ದೇಶ ತನ್ನೊಳಗೆ ಇಷ್ಟನ್ನು ಮಡಚಿಟ್ಟುಕೊಳ್ಳಬಹುದೆಂದು ನನಗೆ ಅಂದಿನವರೆಗೆ ಯಾರೂ ಹೇಳಿರಲಿಲ್ಲ.

ಆ ನಕ್ಷೆಯ ಜಿಲ್ಲಾ ಗಡಿಗಳೆಲ್ಲ ಪೆನ್ಸಿಲಿನವು. ಮೊದಲು ಹತ್ತೊಂಬತ್ತು ಜಿಲ್ಲೆಗಳಿದ್ದವು. ಸರ್ಕಾರ ಅವನ್ನು ಸೇರಿಸಿ ಸೇರಿಸಿ ಹನ್ನೊಂದು ಮಾಡಿತು. ಜನ ಒಪ್ಪಲಿಲ್ಲ, ಅದರಲ್ಲೂ ಹಿಡಿಕೆಯ ತುದಿಯಲ್ಲಿರುವ ಫಿನ್‌ಮಾರ್ಕಿನವರು. ಎರಡು ಸಾವಿರದ ಇಪ್ಪತ್ತನಾಲ್ಕರ ಹೊಸ ವರ್ಷದ ದಿನ ಕೆಲವು ಜಿಲ್ಲೆಗಳು ಮತ್ತೆ ಬೇರೆಯಾಗಿ ಲೆಕ್ಕ ಹದಿನೈದಕ್ಕೆ ಬಂತು. ಅವತ್ತು ಬೆಳಿಗ್ಗೆ ಅಂಕಲ್ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ರಬ್ಬರು ಹಿಡಿದು ಸ್ಟೂಲ್ ಹತ್ತಿದರು. ಸ್ಟೂಲ್ ಹಿಡಿದುಕೊಂಡಿದ್ದವಳು ನಾನು. ಗೆರೆ ಎಳೆದಾದ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಆಗ್ದರ್, ರೋಗಾಲಾಂಡ್ ಎಂದು ಶುರು ಮಾಡಿ ಕೊನೆಗೆ ಫಿನ್‌ಮಾರ್ಕ್ ಎಂದು ಗೋಡೆಗೆ ಮೋಟು ಬೆರಳು ತಟ್ಟಿದರು. ಆಂಟಿ ಹಿಟ್ಟಿನ ಕೈಯಲ್ಲೇ ಬೆರಳ ಗೆಣ್ಣು ಎಣಿಸಿ, "ಹದಿನೈದೂ ಬಂದುವು ನೋಡ್ರಿ" ಅಂದರು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಊಟಕ್ಕೆ ಮುಂಚೆ ಇದು ನಡೆಯುತ್ತಿತ್ತು.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಎಡವಿದೆ.

ಅವರ ಗೋಡೆಯ ಹುಚ್ಚು ನನಗೂ ಹತ್ತಿ, ನನ್ನ ಥೀಸಿಸ್ಸಿಗೂ ನಾರ್ವೆಯನ್ನೇ ಆರಿಸಿಕೊಂಡಿದ್ದೆ. ಯಾವ ಜಿಲ್ಲೆಯ ಜನ ಆಸ್ಪತ್ರೆಗೆ ಎಷ್ಟು ದೂರ ಹೋಗಬೇಕು ಎಂಬುದು ವಿಷಯ. ದೂರ ಹೆಚ್ಚಿದಷ್ಟೂ ಬಣ್ಣ ಗಾಢ. ಪರೀಕ್ಷಕರ ಮುಂದೆ ನಿಲ್ಲಲು ಎರಡೇ ದಿನವಿದ್ದಾಗ ನಕ್ಷೆಯನ್ನು ಪ್ರಿಂಟ್ ಮಾಡಿಸಿ, ಹೊಗಳಿಸಿಕೊಳ್ಳುವ ಆಸೆಯಿಂದ ಅವರ ಮುಂದೆ ಹಾಸಿದೆ.

ಅವರು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಿಲ್ಲೆಯನ್ನು ನೋಡುತ್ತ ಹೋದರು. ಆಮೇಲೆ ಫಿನ್‌ಮಾರ್ಕಿನ ಮೇಲೆ ಬೆರಳಿಟ್ಟರು. ಅದು ಎಲ್ಲಕ್ಕಿಂತ ತಿಳಿ ಬಣ್ಣದಲ್ಲಿತ್ತು.

"ತಂಗಿ, ಇಲ್ಲೆ ದವಾಖಾನಿ ಬಾಗಲ ಮುಂದ ಐತೇನು?"

ನನಗೆ ಆಗ ಹೊಳೆಯಿತು. ನನ್ನ ಅಂಕಿಗಳು ಹನ್ನೊಂದು ಜಿಲ್ಲೆಗಳ ಕಾಲದವು, ನಕ್ಷೆ ಹದಿನೈದರದು. ಓಸ್ಲೋ ಸುತ್ತಿನ ಜಿಲ್ಲೆಗಳನ್ನು ಸರಿಪಡಿಸಿದ್ದೆ. ದೂರದ ಇದನ್ನು ಮರೆತಿದ್ದೆ. ಹನ್ನೊಂದರ ಕಾಲದಲ್ಲಿ ಇದನ್ನು ಪಕ್ಕದ ಟ್ರೋಮ್ಸಿನ ಜೊತೆ ಸೇರಿಸಿದ್ದರು. ಕಂಪ್ಯೂಟರ್ ಆ ಜೋಡಿ ಜಿಲ್ಲೆಯ ಅಂಕಿಯನ್ನೆಲ್ಲ ಟ್ರೋಮ್ಸಿಗೆ ಕೊಟ್ಟು, ಫಿನ್‌ಮಾರ್ಕಿಗೆ ಸೊನ್ನೆ ಹಾಕಿ ಸುಮ್ಮನಾಗಿತ್ತು.

ಸರಿಪಡಿಸಬೇಕಾದರೆ ಊರೂರಿನ ಅಂಕಿಯನ್ನು ಬಿಡಿಸಿ ಮತ್ತೆ ಕೂಡಿಸಬೇಕು. ಎರಡು ದಿನದಲ್ಲಿ ಆಗುವ ಮಾತಲ್ಲ ಅನ್ನಿಸಿತು. ಆಸ್ಟಿನ್ನಿನಲ್ಲಿ ಕೆಲಸ ಕಾದಿತ್ತು, ಡಿಗ್ರಿ ತಡವಾದರೆ ಅದು ಕೈತಪ್ಪುತ್ತಿತ್ತು. "ಅಷ್ಟು ಮೇಲಿರೋದನ್ನ ಯಾರೂ ನೋಡಲ್ಲ ಬಿಡಿ ಅಂಕಲ್" ಅಂದೆ. ನನ್ನ ಗೈಡೇ ನೋಡಿರಲಿಲ್ಲ.

"ನಾ ನೋಡಿದ್ನಲ್ಲ" ಅಂದರು ಮೆತ್ತಗೆ. ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದರು. ಅದರ ಕಥೆಯನ್ನು ಅಂದೇ ಮೊದಲು ಹೇಳಿದ್ದು. ಫಿನ್‌ಮಾರ್ಕಿನ ಕಡಲಲ್ಲಿ ಹಡಗಿನ ಹಗ್ಗದ ರಾಟೆಗೆ ಬೆರಳು ಸಿಕ್ಕಿತ್ತು. ದಡಕ್ಕೆ ಇಳಿಸಿದಾಗ ಅಲ್ಲಿ ಮೀನು ಒಣಗಿಸುವ ಒಬ್ಬ ಹೆಂಗಸು ತನ್ನ ದೋಣಿಯಲ್ಲಿ ಕೂರಿಸಿಕೊಂಡು, ತುಂಡಾದ ಬೆರಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು, ಎರಡು ಫ್ಯೋರ್ಡ್ ದಾಟಿಸಿ ಆಸ್ಪತ್ರೆ ಮುಟ್ಟಿಸಿದಳಂತೆ. ಅಷ್ಟರಲ್ಲಿ ಹೊಲಿಯುವ ಹೊತ್ತು ಮೀರಿತ್ತು.

"ದವಾಖಾನಿ ಹತ್ರ ಇದ್ದಿದ್ರ ಈ ಬೆರಳ ನನ್ನ ಕೈಯಾಗ ಇರ್ತಿತ್ತು. ಆ ಮಂದಿ ಗುದ್ದಾಡಿ ತಮ್ಮ ಜಿಲ್ಲಾ ವಾಪಸ್ ತಗೊಂಡಾರ. ನೀ ಒಂದ ಗುಂಡಿ ಒತ್ತಿ ಅಳಿಸಿದಿ."

ನಾನು ಪ್ರಿಂಟನ್ನು ಮಡಿಸಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದೆ.

ಎರಡು ದಿನ ಅವರ ಊಟದ ಮೇಜು ಬಿಟ್ಟು ಏಳಲಿಲ್ಲ. ಅವರು ಪುಸ್ತಕ ನೋಡದೆ ಊರಿನ ಹೆಸರು ಹೇಳುವರು, ಯಾವ ಜಿಲ್ಲೆಗೆ ಸೇರಿದ್ದು, ದಾರಿಯಲ್ಲಿ ಎಲ್ಲಿ ದೋಣಿ, ಎಲ್ಲಿ ಸುರಂಗ ಎಲ್ಲವನ್ನೂ ಹೇಳುವರು. ನಾನು ಅಂಕಿ ಹುಡುಕಿ ಕೂಡಿಸುವೆ. ಒಂದು ಹೆಸರೂ ತಪ್ಪಲಿಲ್ಲ. ಇಷ್ಟು ದೊಡ್ಡ ದೇಶವನ್ನು ಒಬ್ಬ ಮನುಷ್ಯ ತಲೆಯೊಳಗೆ ಹೊತ್ತು ತಿರುಗುತ್ತಿದ್ದಾನಲ್ಲ ಎಂದು ಅವರ ಮುಖವನ್ನೇ ನೋಡುತ್ತಾ ಕೂತುಬಿಡುತ್ತಿದ್ದೆ. "ಬರಿಯವಾ" ಎಂದು ಗದರುವರು. ಕೊನೆಗೆ ಫಿನ್‌ಮಾರ್ಕ್ ನಕ್ಷೆಯಲ್ಲೇ ಅತ್ಯಂತ ಗಾಢ ಬಣ್ಣದ್ದಾಯಿತು.

ಪರೀಕ್ಷಕರು ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸ್ವಲ್ಪ ಸಿಟ್ಟಿನಿಂದಲೇ ಅಂಕಲ್‌ಗೆ ಫೋನ್ ಮಾಡಿ ಹೇಳಿದೆ. ಅವರು ನಕ್ಕರು. "ಅವರು ಕೇಳದಿದ್ರ ಏನಾತು? ಮಂದಿ ಅಲ್ಲೆ ಅದಾರಲ್ಲ."

ಈಗ ನಾನು ಆಸ್ಟಿನ್ನಿನ ಪಕ್ಕದ ಫ್ಲೂಗರ್‌ವಿಲ್ಲಿನಲ್ಲಿದ್ದೇನೆ, ನಕ್ಷೆಗಳ ಕೆಲಸವೇ. ಯಾವ ನಕ್ಷೆ ಮುಗಿಸಿದರೂ ಮೊದಲು ಕಣ್ಣು ಹೋಗುವುದು ತಿಳಿ ಬಣ್ಣದ ಮೂಲೆಗೆ.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಸುದ್ದಿ ಬಂದ ಕೂಡಲೇ ರಿಚರ್ಡ್‌ಸನ್ನಿಗೆ ಡ್ರೈವ್ ಮಾಡಿಕೊಂಡು ಹೋದೆ. ಫ್ಯೂನರಲ್ ಹೋಮಿನಲ್ಲಿ ಒಬ್ಬೊಬ್ಬರೇ ಎದ್ದು ಮಾತಾಡಿದರು, ಒಬ್ಬರು ಮಂತ್ರ ಹೇಳಿದರು. ಮಗಳು ನನ್ನ ಕಡೆ ನೋಡಿದಳು. ನನಗೆ ಅವರ ಮಂತ್ರ ಬರುವುದಿಲ್ಲ. ಶವಪೆಟ್ಟಿಗೆಯ ಹತ್ತಿರ ಹೋಗಿ, ಮಡಿಸಿಟ್ಟಿದ್ದ ಕೈಗಳಲ್ಲಿ ಆ ಬೆರಳನ್ನು ನೋಡಿದೆ.

ಆಗ್ದರ್, ಎಂದು ಶುರು ಮಾಡಿದೆ. ರೋಗಾಲಾಂಡ್. ವೆಸ್ಟ್‌ಲಾಂಡ್. ಜನ ಮುಖ ಮುಖ ನೋಡಿಕೊಂಡರು. ನಾನು ನಿಲ್ಲಿಸಲಿಲ್ಲ. ಒಂದೊಂದಾಗಿ ಟ್ರೋಂಡೆಲಾಗ್‌ವರೆಗೆ ಬಂದೆ. ನೂರ್‌ಲಾಂಡ್. ಟ್ರೋಮ್ಸ್. ಕೊನೆಗೆ ಫಿನ್‌ಮಾರ್ಕ್ ಎಂದು ಪೆಟ್ಟಿಗೆಯ ಅಂಚಿಗೆ ಬೆರಳು ತಟ್ಟಿದೆ.

ಮುಂದಿನ ಸಾಲಿನಲ್ಲಿ ಆಂಟಿ ಹೆಬ್ಬೆರಳನ್ನು ಗೆಣ್ಣಿನ ಮೇಲಿಟ್ಟುಕೊಂಡು ಕೂತಿದ್ದರು. "ಹದಿನೈದೂ ಬಂದುವು ನೋಡ್ರಿ" ಅಂದರು, ನನಗಲ್ಲ, ಅವರಿಗೆ.