ಮೋಟಾರಕ್ಕನ ಮರೆಯದ ಪೆಟ್ಟಿಗೆ

ಮೋಟಾರಕ್ಕನಿಗೆ ಮರೆವಿದೆ ಎಂದು ಮೊದಲು ಒಪ್ಪಿಕೊಂಡವಳು ಮೋಟಾರಕ್ಕನೇ. ಸುಟ್ಟ ಫ್ಯಾನು, ಕೈಕೊಟ್ಟ ಪಂಪು, ಬೇರೆಯವರು ಆಸೆ ಬಿಟ್ಟ ಮೋಟಾರು, ಎಲ್ಲಕ್ಕೂ ತಂತಿ ಸುತ್ತಿ ಜೀವ ಕೊಡುವ ಆಕೆ, ತಲೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಿದ್ದಳು. ಅದು ನಗುವ ಮಾತು. ಆದರೆ ಸೋಲ್ಡರಿಂಗ್ ಐರನ್ ಆರಿಸದೆ ಊಟಕ್ಕೆ ಹೋಗಿ, ಮೇಜಿನ ಹಲಗೆ ಕರಕಲಾಗಿ, ಹೊಗೆ ಮಹಡಿಗೆ ಏರಿದ್ದು ನಗುವ ಮಾತಲ್ಲ. ಮಹಡಿಯಲ್ಲಿ ತಮ್ಮನ ಸಂಸಾರವಿತ್ತು.

ತಮ್ಮ ವರ್ಕ್‌ಶಾಪಿನ ಬೀಗದ ಕೈ ಕೇಳಿದ.

"ವಯಸ್ಸಾಯ್ತು ಅಕ್ಕಾ, ಇನ್ನು ಸಾಕು ಮಾಡು. ಕೀ ಕೊಡು."

"ವಯಸ್ಸಾಗಿರೋದು ನನಗೆ, ನನ್ನ ಕೈಗಲ್ಲ. ಒಂದು ವಾರ ತಡಿ."

ಹುಷಾರಾಗಿರುತ್ತೇನೆಂದು ಆಕೆ ಮಾತು ಕೊಡಲಿಲ್ಲ. ಮರೆಯುವವಳು ಮಾತು ಕೊಟ್ಟರೆ ಮೊದಲು ಮರೆಯುವುದು ಆ ಮಾತನ್ನೇ ತಾನೆ? ಮೂಲೆಯಲ್ಲಿ ಕೆಟ್ಟುಬಿದ್ದಿದ್ದ ವಾಷಿಂಗ್ ಮಷೀನಿನಿಂದ ಟೈಮರ್ ಕಿತ್ತಳು. ತಿರುಗಿಸಿ ಬಿಟ್ಟರೆ ಕಿರ್ರೆನ್ನುತ್ತ ಹಿಂದಕ್ಕೆ ಬಂದು, ಟಕ್ಕೆಂದು ಕರೆಂಟು ಕಡಿಯುವಂಥದ್ದು. ಅದನ್ನು ನೇರವಾಗಿ ಲೋಹ ಉಜ್ಜುವ ಗ್ರೈಂಡರಿಗೆ ಜೋಡಿಸಿ ತಮ್ಮನನ್ನು ಕರೆದಳು. ಟೈಮರ್ ಟಕ್ಕೆಂದಿತು, ಗ್ರೈಂಡರ್ ನಿಲ್ಲಲೇ ಇಲ್ಲ. ಅದು ಎಳೆದ ಕರೆಂಟಿಗೆ ಟೈಮರಿನ ಪುಟ್ಟ ಪಾಯಿಂಟುಗಳು ಕರಗಿ ಅಂಟಿಕೊಂಡಿದ್ದವು.

"ಈ ಟೈಮರೇ ಸರಿಯಿಲ್ಲ," ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ತಮ್ಮ ನಕ್ಕ.

ಆಕೆಗೆ ಮೈಯೆಲ್ಲ ಉರಿಯಿತು, ಏಕೆಂದರೆ ಅವನು ಹೇಳಿದ್ದು ನಿಜವಾಗಿತ್ತು. ಗುಜರಿಯಿಂದ ಇನ್ನೊಂದು ಟೈಮರ್ ತಂದು, ಈ ಸಲ ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟು ತಾಳುವ ಸ್ವಿಚ್ಚು, ಕೂರಿಸಿದಳು. ಟೈಮರ್ ಬರೀ ಅಪ್ಪಣೆ ಕೊಡಲಿ, ಭಾರ ಹೊರುವುದು ಕಾಂಟ್ಯಾಕ್ಟರಿನ ಪಾಡು. ಎರಡನ್ನೂ ಒಂದು ಪೆಟ್ಟಿಗೆಗೆ ಹಾಕಿದಳು; ಮೇಜಿನ ಪ್ಲಗ್ಗುಗಳಿಗೆಲ್ಲ ಇನ್ನು ಅದರಿಂದಲೇ ಕರೆಂಟು. ದೀಪದ್ದು ಮಾತ್ರ ಬೇರೆ ಲೈನು. ಕತ್ತಲಲ್ಲಿ ಬೆರಳು ಕೊಯ್ದುಕೊಳ್ಳುವ ಹುಚ್ಚು ಆಕೆಗಿರಲಿಲ್ಲ.

ವಾರ ಕಳೆದು ತಮ್ಮ ಬಂದ. ಆಕೆ ಟೈಮರ್ ತಿರುಗಿಸಿ, ಸೋಲ್ಡರಿಂಗ್ ಐರನ್ ಕಾಯಲು ಇಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು.

"ನಡಿ, ಮೇಲೆ ಕಾಫಿ ಕುಡಿಯೋಣ. ಆಮೇಲೆ ಬಂದು ಮುಟ್ಟಿ ನೋಡು. ಬಿಸಿ ಇದ್ರೆ ಕೀ ನಿಂದೇ."

ಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ; ಇಲ್ಲದ ಹೊಗೆಯೆಲ್ಲ ಮೂಗಿಗೆ ಬಡಿಯುತ್ತಿತ್ತು. ಅಕ್ಕ ಅವನ ಹೆಂಡತಿಯೊಡನೆ ಹರಟೆಗೆ ಕುಳಿತಳು. ಕಾಫಿ ಮುಗಿಯಿತು, ಹರಟೆ ಮುಗಿಯಲಿಲ್ಲ. ಕೊನೆಗೆ ಆಕಳಿಸುತ್ತ ಎದ್ದಳು. "ಸ್ವಲ್ಪ ಹೊತ್ತು ಮಲಗ್ತೀನಿ."

"ಅಕ್ಕಾ, ಕೆಳಗೆ ಐರನ್?"

ಆಕೆಯ ಮುಖ ಬಿಳಿಚಿತು. ನಿಜಕ್ಕೂ ಮರೆತಿದ್ದಳು.

"ನೋಡಿದ್ಯಾ," ಎಂದ ತಮ್ಮ. ದನಿಯಲ್ಲಿ ಗೆಲುವಿಗಿಂತ ಸಂಕಟವೇ ಹೆಚ್ಚಿತ್ತು. "ಇದಕ್ಕೇ ನಾನು ಹೇಳಿದ್ದು."

ಬೇಕೆಂದೇ ಸುಮ್ಮನಿದ್ದೆ ಎಂದು ಒಂದು ಸುಳ್ಳು ಬಿಡಬಹುದಿತ್ತು. ಆಕೆ ಬಿಡಲಿಲ್ಲ.

"ಹೌದು ಕಣೋ, ಮರೆತೆ. ನಾಳೇನೂ ಮರೀತೀನಿ. ಅದಕ್ಕೇ ಆ ಪೆಟ್ಟಿಗೆ ಮಾಡಿದ್ದು. ಹೋಗಿ ಮುಟ್ಟು."

ಇಬ್ಬರೂ ಇಳಿದರು. ತಮ್ಮ ಬೀಗ ತೆಗೆದ. ದೀಪ ಉರಿಯುತ್ತಿತ್ತು, ಟೈಮರ್ ಸೊನ್ನೆಗೆ ಬಂದು ನಿಂತಿತ್ತು. ಅವನು ಐರನ್ನಿನ ಬಳಿಗೆ ಬೆರಳು ತಂದ, ಹಿಂದಕ್ಕೆಳೆದ, ಮತ್ತೆ ತಂದ. ಆಮೇಲೆ ಅದನ್ನು ಮುಷ್ಟಿಯಲ್ಲೇ ಹಿಡಿದ. ತಣ್ಣಗಿತ್ತು. ಹಾಗೇ ಹಿಡಿದು ನಿಂತ.

ಆಕೆ ಕೈ ಚಾಚಿದಳು. ಅವನು ಐರನ್ ಕೊಡಲು ಹೋದ.

"ಅದಲ್ಲ," ಎಂದಳು ಮೋಟಾರಕ್ಕ. "ಕೀ ಕೊಡು."